ಅಂತರದ ಪಣ ಮತ್ತು ಅನರ್ಥದಂಡವ್ರತ

ಶ್ರಾವಕಾಚಾರ ಗ್ರಂಥಗಳು ಎಣಿಸುವ ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲನೆಯ ಸ್ಥಾನ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನ ಇವೆಲ್ಲವೂ ಅದರ ಬಳಿಕ ಬರುತ್ತವೆ. ಈ ಕ್ರಮವನ್ನು ಕಂಡು ಕೆಲವರಿಗೆ ಆಶ್ಚರ್ಯವಾಗುವುದುಂಟು. ಮಾಂಸಭಕ್ಷಣೆಯಲ್ಲಿಯೂ ಬೇಟೆಯಲ್ಲಿಯೂ ಪ್ರಾಣಿವಧೆ ಕಣ್ಣಿಗೆ ಕಾಣುತ್ತದೆ. ಕಳವಿನಲ್ಲಿ ಪರರ ಸೊತ್ತು ಕೈಬಿಡುವುದು ಕಾಣುತ್ತದೆ. ಜೂಜಿನಲ್ಲಾದರೋ ಇಬ್ಬರು ತಮ್ಮ ತಮ್ಮ ಹಣವನ್ನು ತಮ್ಮ ಇಚ್ಛೆಯಿಂದಲೇ ಪಣವಾಗಿ ಇಡುತ್ತಾರೆ. ಒಬ್ಬನು ಗೆಲ್ಲುತ್ತಾನೆ, ಇನ್ನೊಬ್ಬನು ಸೋಲುತ್ತಾನೆ. ಇದರಲ್ಲಿ ಹಿಂಸೆಯೆಲ್ಲಿದೆ, ಚೌರ್ಯವೆಲ್ಲಿದೆ ಎಂಬ ಪ್ರಶ್ನೆಯನ್ನು ಇಂದಿನ ವಿದ್ಯಾವಂತ ತರುಣರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಉತ್ತರವನ್ನು ಕೇವಲ ಶಾಸ್ತ್ರದ ಹೆಸರು ಹೇಳಿ ಮುಗಿಸಿದರೆ ಅದು ಅವರ ಮನಸ್ಸಿಗೆ ತಟ್ಟಲಾರದು. ಇಂದಿನ ಜೂಜಿನ ಸ್ವರೂಪವನ್ನು ಮೊದಲು ಅರಿತು, ಬಳಿಕ ವ್ರತದ ಬೆಳಕಿನಲ್ಲಿ ಅದನ್ನು ಪರೀಕ್ಷಿಸುವುದೇ ಉಚಿತವಾದ ಮಾರ್ಗ.

ತುಳುನಾಡಿನ ಶ್ರಾವಕನಿಗೆ ಕೋಳಿಅಂಕದ ವಿಷಯದಲ್ಲಿ ಸಂದೇಹವಿಲ್ಲ. ಹುಂಜದ ಕಾಲಿಗೆ ಕಟ್ಟಿದ ಹರಿತವಾದ ಚೂರಿಯೂ ನೆಲಕ್ಕೆ ಬಿದ್ದ ನೆತ್ತರೂ ಅವನಿಗೆ ಬೇರೆ ಉಪದೇಶದ ಅವಶ್ಯಕತೆಯಿಲ್ಲದಂತೆ ಮಾಡುತ್ತವೆ. ಆದರೆ ಐಪಿಎಲ್ ಪಂದ್ಯಗಳ ಋತುವಿನಲ್ಲಿ ಮಂಗಳೂರು ನಗರದಲ್ಲಿ ನಡೆಯುವ ಬೆಟ್ಟಿಂಗಿನಲ್ಲಿ ಚೂರಿಯಿಲ್ಲ, ನೆತ್ತರಿಲ್ಲ. ಅಡ್ಡೆಗೆ ಹೋಗುವ ಕಾರಣವೂ ಇಲ್ಲ. ಅಂಗೈಯ ಮೊಬೈಲಿನಲ್ಲಿ ಒಂದು ಅಂಕೆಯನ್ನು ಒತ್ತಿದರೆ ಸಾಕು. ಕೋಳಿಅಂಕದ ಕಳದತ್ತ ಎಂದೂ ತಲೆಹಾಕದ ಮನೆಯ ಮಗನು ಈ ಅಂಕೆಯನ್ನು ನಿರಾತಂಕವಾಗಿ ಒತ್ತುವುದಕ್ಕೆ ಕಾರಣ ಇದೇ: ಅದು ಅವನಿಗೆ ಶುದ್ಧವಾದ ಲೆಕ್ಕಾಚಾರವೆಂದು ತೋರುತ್ತದೆ.

ಈ ಲೆಕ್ಕಾಚಾರದ ಮೂಲರೂಪವನ್ನು ಅಮೇರಿಕದಲ್ಲಿ ಪಾಯಿಂಟ್ ಸ್ಪ್ರೆಡ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಅಂತರದ ಪಣವೆನ್ನಬಹುದು. 1940ರ ದಶಕದಲ್ಲಿ ಅದನ್ನು ಬಳಕೆಗೆ ತಂದ ಕೀರ್ತಿ ಅಥವಾ ಅಪಕೀರ್ತಿ ಚಾರ್ಲ್ಸ್ ಮೆಕ್‌ನೀಲ್ ಎಂಬ, ಹಿಂದೆ ಗಣಿತದ ಅಧ್ಯಾಪಕನಾಗಿದ್ದವನಿಗೆ ಸಲ್ಲುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೆ ಮುಂಚೆ ಪಣವು ಯಾರು ಗೆಲ್ಲುವರೆಂಬುದರ ಮೇಲೆಯೇ ಮುಖ್ಯವಾಗಿ ನಿಂತಿತ್ತು. ಇದರಲ್ಲಿ ಜೂಜು ನಡೆಸುವವನಿಗೆ ಒಂದು ತೊಡಕು. ಬಲಿಷ್ಠ ತಂಡವೊಂದು ದುರ್ಬಲ ತಂಡದೊಡನೆ ಆಡಿದರೆ ಫಲಿತಾಂಶ ಎಲ್ಲರಿಗೂ ಗೊತ್ತು. ದುರ್ಬಲನ ಪರವಾಗಿ ಹಣವಿಡುವವರು ವಿರಳ. ಅಂತರದ ಪಣವು ಈ ತೊಡಕನ್ನು ಬಿಡಿಸಿತು.

ಮಂಗಳೂರಿನ ಕಾಲೇಜು ಮೈದಾನಗಳಲ್ಲಿಯೂ ಆಡುವ ಬಾಸ್ಕೆಟ್‌ಬಾಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಲಿಷ್ಠ ತಂಡಕ್ಕೆ ಬುಕ್ಕಿಯು ಆರೂವರೆ ಅಂಕಗಳ ಅಂತರವನ್ನು ಗೊತ್ತುಪಡಿಸುತ್ತಾನೆ ಎಂದಿಟ್ಟುಕೊಂಡರೆ, ಆ ತಂಡದ ಪರವಾಗಿ ಹಣವಿಟ್ಟವನು ಗೆಲ್ಲಬೇಕಾದರೆ ತಂಡವು ಬರಿದೆ ಜಯಿಸಿದರೆ ಸಾಲದು; ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕಗಳಿಂದ ಜಯಿಸಬೇಕು. ಪಂದ್ಯವು 80-74 ಎಂದು ಮುಗಿದರೆ ಅಂತರ ಆರು. ತಂಡ ಗೆದ್ದಿದ್ದರೂ ಅದರ ಪರವಾಗಿ ಹಣವಿಟ್ಟವನು ಸೋತಂತೆ. ಸೋತ ತಂಡದ ಕಡೆ ಹಣವಿಟ್ಟವನು ಗೆದ್ದಂತೆ. ಆಟದಲ್ಲಿ ಅರ್ಧ ಅಂಕವೆಂಬುದು ಇಲ್ಲದಿದ್ದರೂ ಪಣದಲ್ಲಿ ಅದನ್ನು ಸೇರಿಸುವುದು, ಸರಿಸಮವಾಗಿ ಹಣ ಹಿಂದಿರುಗಿಸುವ ಪ್ರಸಂಗ ಬಾರದಿರಲೆಂದು.

ಬುಕ್ಕಿಯ ಲಾಭವು ಹೀಗೆ ಬರುತ್ತದೆ. ಅಲ್ಲಿಯ ವಾಡಿಕೆಯಂತೆ 100 ಗೆಲ್ಲಬೇಕೆನ್ನುವವನು 110 ಇಡಬೇಕು. ಎರಡು ಕಡೆಯಿಂದಲೂ ಒಬ್ಬೊಬ್ಬರು 110ರಂತೆ ಇಟ್ಟರೆ ಬುಕ್ಕಿಯ ಬಳಿ 220 ಸೇರುತ್ತದೆ, ಗೆದ್ದವನಿಗೆ ಅವನ ಹಣವೂ ಸೇರಿ 210 ಕೊಡುತ್ತಾನೆ, 10 ಉಳಿಯುತ್ತದೆ. ಎರಡು ಕಡೆಯ ಹಣವೂ ಸಮವಾಗುವಂತೆ ಅಂತರವನ್ನು ಏರಿಸಿ ಇಳಿಸುತ್ತಿದ್ದರೆ ಪಂದ್ಯವನ್ನು ಯಾರು ಗೆದ್ದರೂ ಅವನಿಗೆ ನಷ್ಟವಿಲ್ಲ. ಪಣವಿಡುವವನಾದರೋ 100 ಸಲ ಹಣವಿಟ್ಟು ಸರಿಯಾಗಿ 50 ಸಲ ಗೆದ್ದರೂ 5,000 ಗಳಿಸಿ 5,500 ಕಳೆದುಕೊಂಡಿರುತ್ತಾನೆ. ನಷ್ಟವಿಲ್ಲದೆ ಉಳಿಯಬೇಕಾದರೆ ನೂರಕ್ಕೆ 52ಕ್ಕಿಂತಲೂ ಸ್ವಲ್ಪ ಹೆಚ್ಚು ಸಲ ಅವನ ಊಹೆ ಸರಿಯಾಗಬೇಕು. ಅಂತರವನ್ನು ಗೊತ್ತುಪಡಿಸುವ ಉದ್ದೇಶವೇ ಎರಡು ಕಡೆಯನ್ನೂ ಸಮಮಾಡುವುದಾಗಿರುವಾಗ ಬಹುಜನರಿಗೆ ಇದು ಸಾಧ್ಯವಾಗದು. ನಾಣ್ಯವನ್ನು ಚಿಮ್ಮಿದಂತಹ ಆಟಕ್ಕೆ ಪ್ರತಿಸಲವೂ ಸುಂಕ ತೆತ್ತಂತೆ.

ಕ್ರಿಕೆಟ್ಟಿನಲ್ಲಿ ಇದೇ ತತ್ತ್ವವು ಸೆಷನ್ ಬೆಟ್ಟಿಂಗ್ ಎಂಬ ರೂಪ ತಾಳಿದೆ. ಮೊದಲ 6 ಓವರುಗಳ ರನ್ನುಗಳಿಗೆ ಬುಕ್ಕಿಯು 46-48 ಎಂದು ಜೋಡಿ ಅಂಕೆಯನ್ನು ಹೇಳಿದನೆಂದರೆ, 48 ಅಥವಾ ಹೆಚ್ಚು ಆಗುವುದೆನ್ನುವವನು ಒಂದು ಕಡೆ, 46ಕ್ಕಿಂತ ಕಡಿಮೆ ಎನ್ನುವವನು ಇನ್ನೊಂದು ಕಡೆ. ನಡುವಿನ 46 ಅಥವಾ 47 ಬಂದರೆ ಎರಡು ಕಡೆಯವರ ಹಣವೂ ಬುಕ್ಕಿಗೆ. ಇಲ್ಲಿಯೂ ಪಂದ್ಯವನ್ನು ಗೆಲ್ಲುವವರು ಯಾರೆಂಬುದು ಗೌಣ. ಪಣಕ್ಕೆ ಬಿದ್ದಿರುವುದು ಜಯವಲ್ಲ, ಪ್ರಮಾಣ.

ಜಯದ ಮೇಲಣ ಪಣಕ್ಕೂ ಪ್ರಮಾಣದ ಮೇಲಣ ಪಣಕ್ಕೂ ಇರುವ ಈ ವ್ಯತ್ಯಾಸವು ಸೂಕ್ಷ್ಮವಾದರೂ ನೈತಿಕ ದೃಷ್ಟಿಯಿಂದ ಬಹಳ ದೊಡ್ಡದು. ಅದನ್ನು ಅರಿಯುವ ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಪೂರ್ವಪಕ್ಷಿಯು ಹೇಳುವುದಿಷ್ಟು: ಹಣ ನನ್ನದು, ನ್ಯಾಯವಾಗಿ ದುಡಿದದ್ದು. ಎದುರಾಳಿ ಸ್ವಇಚ್ಛೆಯಿಂದ ಬಂದವನು. ಷರತ್ತು ಇಬ್ಬರಿಗೂ ಮೊದಲೇ ಗೊತ್ತು. ದುರ್ಬಲ ತಂಡಕ್ಕೂ ಸಮಾನ ಅವಕಾಶ ದೊರೆಯುವಂತೆ ಅಂತರವನ್ನು ಇಟ್ಟಿದೆಯಾದ್ದರಿಂದ ಮೋಸವೆಂಬ ಮಾತೇ ಇಲ್ಲ. ಆಟಗಾರನಿಗೆ ಇದರಿಂದ ಏನೂ ತಟ್ಟದು. ಅವನು ತನ್ನಷ್ಟಕ್ಕೆ ಆಡುತ್ತಾನೆ. ಅಡಿಕೆ ವ್ಯಾಪಾರಿಯೂ ಧಾರಣೆ ಏರೀತೆಂದು ಊಹಿಸಿ ದಾಸ್ತಾನು ಮಾಡುತ್ತಾನೆ. ವಿಮೆಯ ಸಂಸ್ಥೆಯೂ ಊಹೆಯ ಮೇಲೆಯೇ ನಡೆಯುತ್ತದೆ. ಅವರನ್ನು ದೂಷಿಸದೆ ನನ್ನನ್ನು ಮಾತ್ರ ದೂಷಿಸುವುದೇಕೆ?

ಕೊನೆಯ ಆಕ್ಷೇಪಕ್ಕೆ ಮೊದಲು ಉತ್ತರ ಹೇಳಬೇಕು, ಏಕೆಂದರೆ ಅನರ್ಥದಂಡವೆಂಬ ಶಬ್ದದ ಅರ್ಥವೇ ಅದರಲ್ಲಿ ಅಡಗಿದೆ. ಗೃಹಸ್ಥನು ಪ್ರಯೋಜನವುಳ್ಳ ಕೆಲಸಗಳಲ್ಲಿ ಮಾಡುವ ಅನಿವಾರ್ಯ ಆರಂಭವು ಒಂದು ಬಗೆ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವು ಇನ್ನೊಂದು ಬಗೆ. ಎರಡನೆಯದೇ ಅನರ್ಥದಂಡ. ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಹುಟ್ಟಿದ್ದು, ಧಾರಣೆಯ ಏರಿಳಿತದಿಂದ ಅಡಿಕೆ ಬೆಳೆಗಾರನು ತತ್ತರಿಸುತ್ತಿದ್ದ ಕಾರಣದಿಂದ. ಅಪಾಯವು ಮೊದಲೇ ಇತ್ತು. ಮಳೆಯಲ್ಲಿ, ಕೊಳೆರೋಗದಲ್ಲಿ, ಪೇಟೆಯಲ್ಲಿ ಇತ್ತು. ಅದನ್ನು ಯಾರಾದರೂ ಹೊರಲೇಬೇಕು. ಕೊಯ್ಲಿನ ಕಾಲದ ಸರಕನ್ನು ಅಭಾವದ ಕಾಲದವರೆಗೆ ಕಾಯ್ದಿಡುವ ವ್ಯಾಪಾರಿಯೂ, ಬೆಂಕಿ ಬಿದ್ದ ಮನೆಯ ನಷ್ಟವನ್ನು ಹಲವರಿಗೆ ಹಂಚುವ ವಿಮೆಯೂ ಇದ್ದ ಅಪಾಯವನ್ನೇ ಹೊರುತ್ತವೆ. ಪಂದ್ಯದ ಮೊದಲ 6 ಓವರುಗಳಲ್ಲಿ 46 ರನ್ನು ಬಂದರೇನು, 48 ಬಂದರೇನು? ಪಣವಿಡುವ ಕ್ಷಣದವರೆಗೆ ಅದರಿಂದ ಯಾವ ಮನೆಗೂ ಹಾನಿಯಿರಲಿಲ್ಲ. ಪಣವೇ ಆ ಅಪಾಯವನ್ನು ಹೊಸದಾಗಿ ಸೃಷ್ಟಿಸಿತು. ಇಲ್ಲದ ಅಪಾಯವನ್ನು ನಿಷ್ಪ್ರಯೋಜನವಾಗಿ ಮನೆಯೊಳಗೆ ತಂದುಕೊಳ್ಳುವುದನ್ನು ಅನರ್ಥವೆನ್ನದೆ ಬೇರೇನೆನ್ನಬೇಕು? ಸರಕನ್ನು ನೋಡದೆ, ಕೊಳ್ಳದೆ, ಬರಿಯ ಧಾರಣೆಯ ಮೇಲೆ ಬಾಜಿ ಕಟ್ಟುವ ವ್ಯಾಪಾರಿಯಿದ್ದರೆ ಅವನೂ ಇದೇ ಸಾಲಿಗೆ ಸೇರುತ್ತಾನೆ. ವ್ಯಾಪಾರವೆಂಬ ಹೆಸರು ಅವನನ್ನು ರಕ್ಷಿಸದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತದ ನಿಷೇಧವನ್ನು ಅನರ್ಥದಂಡದ ಪ್ರಕರಣದೊಡನೆಯೇ ಇಟ್ಟಿರುವುದು ಗಮನಾರ್ಹ.

ಇನ್ನು ಹಿಂಸೆಯ ಮಾತು. ಅನರ್ಥದಂಡದ ಐದು ಪ್ರಕಾರಗಳಾದ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳಲ್ಲಿ ಅಪಧ್ಯಾನವು ಇಲ್ಲಿ ಮುಖ್ಯ. ಕರ್ನಾಟಕದ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ವಧೆ ಬಂಧನಗಳ ಜತೆಯಲ್ಲಿಯೇ ಪರರ ಜಯಾಪಜಯಗಳ ಚಿಂತನೆಯನ್ನೂ ಹೆಸರಿಸಿದ್ದಾರೆ. ವಧೆಯ ಚಿಂತನೆ ಪಾಪವೆಂಬುದು ಸ್ಪಷ್ಟ. ಜಯಾಪಜಯದ ಚಿಂತನೆಯನ್ನು ಅದರ ಪಕ್ಕದಲ್ಲಿ ಕೂರಿಸಿದ್ದೇಕೆ ಎಂಬುದಕ್ಕೆ ಅಂತರದ ಪಣಕ್ಕಿಂತ ಉತ್ತಮ ವ್ಯಾಖ್ಯಾನ ದೊರೆಯಲಾರದು.

ಪಣವಿಲ್ಲದ ಪ್ರೇಕ್ಷಕನು ಒಳ್ಳೆಯ ಹೊಡೆತವನ್ನು ಕಂಡು, ಅದು ಎದುರು ತಂಡದವನದಾದರೂ, ತಲೆದೂಗುತ್ತಾನೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ ನಾಲ್ಕು ಭಾವನೆಗಳನ್ನು ತತ್ತ್ವಾರ್ಥಸೂತ್ರವು ವ್ರತಿಗೆ ವಿಧಿಸುತ್ತದೆ. ಗುಣಾಧಿಕರನ್ನು ಕಂಡು ಸಂತೋಷಪಡುವುದೇ ಪ್ರಮೋದ. ಆಟವನ್ನು ನೋಡುವುದರಲ್ಲಿ ಏನಾದರೂ ಶುಭಾಂಶವಿದ್ದರೆ ಅದು ಈ ಪ್ರಮೋದದ ಛಾಯೆ. 46ಕ್ಕಿಂತ ಕಡಿಮೆಯಾಗಲಿ ಎಂದು ಹಣವಿಟ್ಟವನ ಸ್ಥಿತಿಯನ್ನು ಇದರೊಡನೆ ತೂಗಿ ನೋಡಬೇಕು. ಮೈದಾನದಲ್ಲಿ ಯಾವನು ಚೆನ್ನಾಗಿ ಆಡುತ್ತಾನೋ ಅವನೇ ಇವನ ಶತ್ರು. ಚೆಂಡು ಸೀಮೆಯಾಚೆ ಹೋದರೆ ಇವನ ಎದೆ ಕುಸಿಯುತ್ತದೆ. ಬ್ಯಾಟುಗಾರನ ಬೆರಳಿಗೆ ಪೆಟ್ಟು ಬಿದ್ದರೆ ಒಳಗೊಳಗೆ ಸಮಾಧಾನವಾಗುತ್ತದೆ. ಪ್ರಮೋದವು ಮಾತ್ಸರ್ಯವಾಯಿತು, ಕಾರುಣ್ಯವು ಕ್ರೌರ್ಯವಾಯಿತು. ತನ್ನ ತಂಡದ ಮೇಲೆಯೇ ಪಣವಿಟ್ಟವನ ಗತಿಯೂ ಇಷ್ಟೆ: ತಂಡ ಆರು ಅಂಕಗಳಿಂದ ಗೆದ್ದ ರಾತ್ರಿ, ಊರೆಲ್ಲ ಸಂಭ್ರಮಿಸುವಾಗ ಅವನು ಶೋಕಿಸುತ್ತಾನೆ. ಜಯದ ಮೇಲಣ ಪಣವು ಮನುಷ್ಯನನ್ನು ಪಕ್ಷಪಾತಿಯನ್ನಾಗಿ ಮಾಡುತ್ತದೆ. ಪ್ರಮಾಣದ ಮೇಲಣ ಪಣವು ಪರರ ಗುಣವನ್ನೇ ಅಳೆದು, ಅದು ಇಷ್ಟಕ್ಕೆ ನಿಲ್ಲಲೆಂದು ಬಯಸುವವನನ್ನಾಗಿ ಮಾಡುತ್ತದೆ.

ಆಟಗಾರನಿಗೆ ಏನೂ ತಟ್ಟದೆಂಬ ಮಾತಿಗೆ ಇತಿಹಾಸವೇ ಉತ್ತರ ಕೊಟ್ಟಿದೆ. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡವು ಆ ದೇಶದ ಎರಡು ಮುಖ್ಯ ಕಾಲೇಜು ಪಂದ್ಯಾವಳಿಗಳನ್ನು ಒಂದೇ ವರ್ಷದಲ್ಲಿ ಗೆದ್ದಿತು. 1951ರಲ್ಲಿ ಅದೇ ತಂಡದ ಆಟಗಾರರು, ಗೆಲುವಿನ ಅಂತರವನ್ನು ಬೇಕೆಂದೇ ಕಡಿಮೆಮಾಡಲು ಹಣ ಪಡೆದ ಆರೋಪದ ಮೇಲೆ ಬಂಧಿತರಾದರು. ತನಿಖೆಯು ಮುಂದುವರಿದು ಹಲವು ಕಾಲೇಜುಗಳನ್ನು ಮುಟ್ಟಿತು. ಆ ತರುಣರಿಗೆ ನೀಡಿದ ಪ್ರಲೋಭನೆಯ ರೀತಿಯನ್ನು ಗಮನಿಸಬೇಕು. ಸೋಲಬೇಕೆಂದು ಹೇಳಿದ್ದರೆ ಬಹುಶಃ ಅನೇಕರು ಒಪ್ಪುತ್ತಿರಲಿಲ್ಲ. ಗೆಲ್ಲಿರಿ, ಆದರೆ ಇಷ್ಟೇ ಅಂತರದಿಂದ ಗೆಲ್ಲಿರಿ ಎಂಬುದು ಅವರ ಮುಂದಿಟ್ಟ ಮಾತು. ಜಯಕ್ಕೂ ಗೊತ್ತುಪಡಿಸಿದ ಅಂತರಕ್ಕೂ ನಡುವೆ ಇರುವ ಜಾಗದಲ್ಲಿ, ಯಾರಿಗೂ ದ್ರೋಹ ಬಗೆದಂತೆ ತೋರದ ದ್ರೋಹಕ್ಕೆ ಎಡೆಯುಂಟು. ಆ ಜಾಗವನ್ನು ಸೃಷ್ಟಿಸಿದ್ದು ಅಂತರದ ಪಣ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೆಂಬುದೊಂದಿದೆ: ಕೊಡುವಾಗ ಕಡಿಮೆಯ, ಕೊಳ್ಳುವಾಗ ಹೆಚ್ಚಿನ ಅಳತೆ ತೂಕಗಳನ್ನು ಬಳಸುವುದು. ಮಂಗಳೂರಿನ ಬಂದರು ಪೇಟೆಯಲ್ಲಿ ವ್ಯಾಪಾರ ಮಾಡಿದ ಯಾವ ಶ್ರಾವಕ ಕುಟುಂಬಕ್ಕೂ ಇದನ್ನು ವಿವರಿಸಬೇಕಾಗಿಲ್ಲ. ಸೇರಿಗೆ ಮುಕ್ಕಾಲು ಸೇರು ಅಳೆದು ಕೊಟ್ಟವನು, ಅಕ್ಕಿಯನ್ನು ಕೊಟ್ಟೇ ಇದ್ದೇನಲ್ಲ ಎಂದು ಹೇಳಲಾರನು. ತನ್ನ ಶಕ್ತಿಯನ್ನು ಮುಕ್ಕಾಲು ಅಳೆದು ಮೈದಾನಕ್ಕೆ ಹಾಕಿದ ಆಟಗಾರನೂ, ತಂಡ ಗೆದ್ದಿದೆಯಲ್ಲ ಎಂದು ಹೇಳಲಾರನು.

ಇದು ದೂರದ ದೇಶದ ಸಂಗತಿಯಷ್ಟೇ ಅಲ್ಲ. ಮಂಗಳೂರು ಯುನೈಟೆಡ್ ಎಂಬ ಹೆಸರಿನ ತಂಡವೂ ಒಂದು ಕಾಲದಲ್ಲಿ ಆಡಿದ್ದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ, 2019ರ ಫೈನಲ್ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟು ಮಾಡಲು ಹಣ ಪಡೆದರೆಂಬ ಆರೋಪದ ಮೇಲೆ ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಆಗ ಜಾರಿಯಲ್ಲಿದ್ದ ಭಾರತ ದಂಡ ಸಂಹಿತೆಯ 420ನೆಯ ಕಲಮಿನ ವಂಚನೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಹೇಳಿ ಪ್ರಕರಣವನ್ನು ರದ್ದುಪಡಿಸಿತು. ಅಂತಹ ನಡತೆ ಆಟಗಾರನ ಅಪ್ರಾಮಾಣಿಕತೆಯನ್ನು ಸೂಚಿಸಬಹುದು, ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ನ್ಯಾಯಾಲಯದ ಅಭಿಪ್ರಾಯ. ಆರೋಪವು ಸತ್ಯವೋ ಮಿಥ್ಯೆಯೋ ಎಂಬುದು ವಿಚಾರಣೆಯಲ್ಲಿ ನಿರ್ಣಯವಾಗಲಿಲ್ಲವಾದ್ದರಿಂದ ಯಾರನ್ನೂ ಅಪರಾಧಿಯೆನ್ನುವುದು ಅನ್ಯಾಯ. ಇಲ್ಲಿ ಗ್ರಹಿಸಬೇಕಾದದ್ದು ಬೇರೊಂದು. ನ್ಯಾಯಾಲಯವು ಕಾನೂನಿನ ಶಬ್ದಗಳಿಗೆ ಬದ್ಧ. ಅದು ತನ್ನ ಧರ್ಮವನ್ನು ನಡೆಸಿತು. ಆದರೆ ಕಾನೂನಿನ ಬಲೆಗೆ ಬೀಳದ್ದೆಲ್ಲವೂ ನಿರ್ದೋಷವೆಂದು ವ್ರತಿಯು ಭಾವಿಸಬಾರದು. 2021ರಲ್ಲಿ ಕರ್ನಾಟಕವು ಆನ್‌ಲೈನ್ ಜೂಜನ್ನು ನಿಷೇಧಿಸಿದ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದವು. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಗೆ 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಯ ಅಂಕಿತ ದೊರೆಯಿತು. ಇಂದು ಬಿಟ್ಟದ್ದನ್ನು ಕಾನೂನು ನಾಳೆ ಹಿಡಿಯುತ್ತದೆ, ನಾಳೆ ಹಿಡಿದದ್ದನ್ನು ನಾಡಿದ್ದು ಬಿಡಬಹುದು. ಆತ್ಮದ ಬಂಧಕ್ಕೆ ಅಂತಹ ತಿದ್ದುಪಡಿಗಳಿಲ್ಲ.

ಬಂಧವು ಕ್ರಿಯೆಗಿಂತ ಮೊದಲು ಸಂಕಲ್ಪದಲ್ಲಿಯೇ ಆಗುತ್ತದೆಂಬುದಕ್ಕೆ ಕ್ರಿಕೆಟ್ಟಿನಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. 2000ದ ಮಾರ್ಚ್ ತಿಂಗಳಲ್ಲಿ ನಾಗಪುರದಲ್ಲಿ ನಡೆದ ಪಂದ್ಯದಲ್ಲಿ 20ಕ್ಕಿಂತ ಕಡಿಮೆ ರನ್ನು ಮಾಡಿದರೆ 15,000 ಡಾಲರು ಕೊಡುವುದಾಗಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೊನ್ಯೆಯಿಂದ ಬಂದ ಆಮಿಷಕ್ಕೆ ತಾನು ಒಪ್ಪಿದ್ದುದಾಗಿ ಹರ್ಷೆಲ್ ಗಿಬ್ಸ್ ಎಂಬ ಆಟಗಾರನು ಅದೇ ವರ್ಷ ವಿಚಾರಣಾ ಆಯೋಗದ ಮುಂದೆ ತಿಳಿಸಿದನು. ಮೈದಾನಕ್ಕಿಳಿದಾಗ ಅವನು ಹೊಡೆದದ್ದು 74 ರನ್ನು. ಒಪ್ಪಂದದಂತೆ ಅವನು ನಡೆಯಲಿಲ್ಲ, ಹಣವೂ ದೊರೆಯಲಿಲ್ಲ. ಆದರೂ ಅವನ ಮೇಲೆ ಆರು ತಿಂಗಳ ನಿಷೇಧ ಬಿತ್ತು. ಲೌಕಿಕವಾದ ಕ್ರೀಡಾ ಮಂಡಳಿಯೊಂದು ಕೂಡ ಒಪ್ಪಿಗೆಯೇ ದೋಷವೆಂದು ತಿಳಿಯಿತು.

ಕನ್ನಡ ಜೈನ ಸಾಹಿತ್ಯದ ಓದುಗರಿಗೆ ಇದು ಹೊಸ ತತ್ತ್ವವಲ್ಲ. ಜನ್ನ ಕವಿಯ ಯಶೋಧರ ಚರಿತೆಯಲ್ಲಿ ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಅಲ್ಲಿ ಹರಿದ ರಕ್ತವಿಲ್ಲ, ಹರಿಸುವ ಸಂಕಲ್ಪವಿತ್ತು. ಅಷ್ಟರಿಂದಲೇ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಗಳಲ್ಲಿ ತೊಳಲಬೇಕಾಯಿತು. ಕೋಳಿಅಂಕವನ್ನು ಬಿಟ್ಟ ಮನೆಯಲ್ಲಿ ಮೊಬೈಲಿನ ಪಣ ನಡೆಯುತ್ತಿದ್ದರೆ, ಅದು ಹಿಟ್ಟಿನ ಕೋಳಿಯೇ ಸರಿ. ಕತ್ತಿಯಿಲ್ಲದಿರುವುದು ಅದರ ಸಮರ್ಥನೆಯಲ್ಲ.

ಉಪವಾಸದ ದಿನಗಳಿಗೂ ಇದಕ್ಕೂ ನೇರವಾದ ಸಂಬಂಧವಿದೆ. ನಗರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ತರುಣನೊಬ್ಬನು ಚತುರ್ದಶಿಯಂದು ಪ್ರೋಷಧೋಪವಾಸ ಮಾಡಿರುವನೆಂದೂ, ಹಿಂದಿನ ದಿನವೇ ಆ ಸಂಜೆಯ ಪಂದ್ಯದ ಮೇಲೆ ಹಣವಿಟ್ಟಿರುವನೆಂದೂ ಭಾವಿಸಬಹುದು. ಉಪವಾಸದ ದಿನ ಅವನು ಪಣವಿಡಲಿಲ್ಲ, ಅನ್ನ ನೀರುಗಳನ್ನು ಮುಟ್ಟಲಿಲ್ಲ, ಸಾಮಾಯಿಕಕ್ಕೆ ಕುಳಿತನು. ಆದರೆ ಕುಳಿತವನ ಮನಸ್ಸಿನಲ್ಲಿ ಆರನೆಯ ಓವರು ಮುಗಿದಿರಬಹುದೇ ಎಂಬ ಗಣನೆ ನಡೆದಿದೆ. ಉಪವಾಸವೆಂದರೆ ಆತ್ಮದ ಸಮೀಪದಲ್ಲಿ ವಾಸ. ಇವನು ವಾಸಿಸುತ್ತಿರುವುದು ಅಪರಿಚಿತನೊಬ್ಬನ ಬ್ಯಾಟಿನ ಸಮೀಪದಲ್ಲಿ. ಮಾಯೆ, ಮಿಥ್ಯೆ, ನಿದಾನವೆಂಬ ಮೂರು ಶಲ್ಯಗಳನ್ನು ಕಿತ್ತುಹಾಕಿದವನೇ ವ್ರತಿಯೆಂದು ಶಾಸ್ತ್ರವು ಹೇಳುತ್ತದೆ. ಕಾಲಲ್ಲಿ ಮುಳ್ಳಿರುವವನು ಎಷ್ಟು ನಡೆದರೂ ಮುಳ್ಳನ್ನೇ ಆಳಕ್ಕೆ ಒತ್ತುತ್ತಾನೆ. ಇವನ ಹಸಿವು ನಿಜವಾದದ್ದು, ಸಂಯಮವೂ ಅಲ್ಪವಲ್ಲ. ಆದರೂ ಹಣವಿಟ್ಟ ಪಂದ್ಯವು ಮುಗಿಯುವ ತನಕ ಅವನ ತಪಸ್ಸಿನ ಮೇಲೆ ಅವನಿಗೇ ಅಧಿಕಾರವಿಲ್ಲ.

ಆದ್ದರಿಂದ ಜೂಜಾಡುವುದಿಲ್ಲವೆಂಬ ಸಾಮಾನ್ಯವಾದ ನಿಯಮವನ್ನು ಇಂದಿನ ಶ್ರಾವಕರು ಇನ್ನಷ್ಟು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಯಾವ ಆಟದ ಜಯಾಪಜಯಕ್ಕೂ, ಅಂತರಕ್ಕೂ, ಒಂದು ಓವರಿನ ರನ್ನಿಗೂ ಹಣವನ್ನಾಗಲಿ ವಸ್ತುವನ್ನಾಗಲಿ ಒಡ್ಡುವುದಿಲ್ಲ. ಒಡ್ಡುವವರಿಗೆ ಅಂಕೆಯನ್ನು ಸೂಚಿಸುವುದಿಲ್ಲ, ಏಕೆಂದರೆ ಅದು ಪಾಪೋಪದೇಶ. ಪಣದ ಧಾರಣೆಗಳ ಚರ್ಚೆಯನ್ನು ಆಸಕ್ತಿಯಿಂದ ಕೇಳುವುದಿಲ್ಲ, ಏಕೆಂದರೆ ಅದು ದುಃಶ್ರುತಿಯ ಬಾಗಿಲು. ಒಮ್ಮೆಗೇ ಯಾವಜ್ಜೀವ ನಿಯಮವನ್ನು ತೆಗೆದುಕೊಳ್ಳಲು ಧೈರ್ಯ ಸಾಲದವರು ಒಂದು ಐಪಿಎಲ್ ಋತುವಿನ ಅವಧಿಗೆ ತೆಗೆದುಕೊಳ್ಳಲಿ. ಅಕ್ಷಯ ತದಿಗೆಯು ಸಾಮಾನ್ಯವಾಗಿ ಆ ಋತುವಿನ ನಡುವೆಯೇ ಬರುತ್ತದೆ. ಒಂದು ವರ್ಷಕ್ಕೂ ಮಿಕ್ಕಿದ ನಿರಾಹಾರದ ಬಳಿಕ ಆದಿನಾಥಸ್ವಾಮಿಗೆ ಶ್ರೇಯಾಂಸನು ಕಬ್ಬಿನ ರಸವನ್ನು ದಾನವಿತ್ತ ಪುಣ್ಯದಿನವದು. ಪಣಕ್ಕೆಂದು ತೆಗೆದಿರಿಸಿದ್ದ ಹಣವನ್ನು ಆ ದಿನ ಆಹಾರದಾನಕ್ಕೋ ಔಷಧದಾನಕ್ಕೋ ವಿನಿಯೋಗಿಸಿದರೆ ನಿಯಮವು ನೆಲೆಯೂರಲು ಅನುಕೂಲವಾದೀತು.

ಆಟವನ್ನು ನೋಡಬಾರದೆಂದು ಇದರ ಅರ್ಥವಲ್ಲ. ಪಣವನ್ನು ಬಿಟ್ಟವನಿಗೆ ಆಟವು ಹಿಂದಿರುಗಿ ದೊರೆಯುತ್ತದೆ. ಯಾರು ಎಷ್ಟು ರನ್ನು ಮಾಡಿದರೂ ಅವನ ಮನೆಗೆ ಹಾನಿಯಿಲ್ಲವಾದ್ದರಿಂದ, ಚೆನ್ನಾಗಿ ಆಡಿದವನನ್ನು ಚೆನ್ನಾಗಿ ಆಡಿದನೆಂದು ಹೇಳುವ ಸ್ವಾತಂತ್ರ್ಯ ಅವನಿಗೆ ಉಳಿಯುತ್ತದೆ.